‘ಪುಟ್ ಆಫ್’: ತಳ್ಳಿದ್ದು ದಿನವನ್ನೋ, ಮನಸ್ಸನ್ನೋ?

ಪ್ರಶ್ನೆ: ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ನಮ್ಮ ಟೀಮಿನ ಅರ್ಧ ಜನ ಲಂಡನ್ನಿನಲ್ಲಿದ್ದಾರೆ. ಹೋದ ವಾರ ‘ಪುಟ್ ಆಫ್’ ಅನ್ನೋ ಒಂದೇ ಮಾತು ನನ್ನನ್ನು ಮೂರು ಸಲ ಪೇಚಿಗೆ ಸಿಕ್ಕಿಸಿತು. ‘ದ ಡೆಮೊ ಹ್ಯಾಸ್ ಬೀನ್ ಪುಟ್ ಆಫ್’ ಅಂದರು. ರದ್ದಾಯಿತು ಅಂದುಕೊಂಡು ತಯಾರಿ ನಿಲ್ಲಿಸಿಬಿಟ್ಟೆ. ಆಮೇಲೆ ಒಬ್ಬರು ‘ಐ ವಾಸ್ ಎ ಬಿಟ್ ಪುಟ್ ಆಫ್ ಬೈ ದಟ್ ಮೇಲ್’ ಅಂದರು. ಮೇಲ್ ಹೇಗೆ ಒಬ್ಬರನ್ನು ಮುಂದೂಡುತ್ತದೆ? ಕೊನೆಗೆ ನಾನೇ ‘ಪ್ಲೀಸ್ ಪುಟ್ ಆಫ್ ದ ಲೈಟ್ಸ್’ ಅಂದಾಗ ಒಬ್ಬರು ಮುಸಿಮುಸಿ ನಕ್ಕರು. ಇದನ್ನು ದಿನದ ಮಾತಿನಲ್ಲಿ ಹೇಗೆ ಬಳಸಬೇಕು? ಮೀಟಿಂಗ್ ಬೇಗ ಇಟ್ಟುಕೊಳ್ಳೋಣ ಅನ್ನೋದಕ್ಕೆ ‘ಪ್ರಿಪೋನ್’ ಅಂತ ಬರೆಯಬಹುದಾ?

ಉತ್ತರ: ಮೊದಲು ಡೆಮೊ ವಿಷಯ ಮುಗಿಸೋಣ. ಅದು ರದ್ದಾಗಿಲ್ಲ, ಬೇರೆ ದಿನ ನಡೆಯುತ್ತದೆ. ಈಗಲೇ ಒಂದು ಮೇಲ್ ಹಾಕಿ ಹೊಸ ತಾರೀಖು ಕೇಳಿಕೊಳ್ಳಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನೀವು ಎಡವಿದ್ದು ಎಲ್ಲಿ ಅಂತ ನನಗೆ ಗೊತ್ತು. ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬಂದವರಲ್ಲಿ ಬಹಳ ಜನ ಅದೇ ಕಲ್ಲಿಗೆ ಎಡವಿದ್ದಾರೆ. ಆ ಕಲ್ಲಿನ ಹೆಸರು ‘ಆಫ್’. ಈ ಪದ ಯಾವತ್ತೋ ನಮ್ಮ ಮನೆಯೊಳಗೆ ಬಂದು ಕೂತಿದೆ. ಫ್ಯಾನ್ ಆಫ್ ಮಾಡು, ಗೀಸರ್ ಆಫ್ ಮಾಡು, ಗಾಡಿ ದಾರೀಲೇ ಆಫ್ ಆಯ್ತು. ಹುಡುಗರಂತೂ ಯಾರಾದರೂ ತೀರಿಕೊಂಡರೂ ‘ಆಫ್ ಆದ’ ಅಂದುಬಿಡುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಆಫ್ ಅಂದರೆ ನಿಂತಿತು, ಮುಗಿಯಿತು, ಇನ್ನಿಲ್ಲ. ಡೆಮೊ ‘ಪುಟ್ ಆಫ್’ ಆಯಿತು ಅಂದಾಗ ಡೆಮೊ ಕತೆ ಮುಗಿಯಿತು ಅಂತ ನಿಮಗೆ ಅನಿಸಿದ್ದು ಸಹಜ.

ಆದರೆ ಇಂಗ್ಲಿಷಿನಲ್ಲಿ ‘ಆಫ್’ನ ಮೂಲ ಅರ್ಥ ನಿಲ್ಲುವುದಲ್ಲ. ದೂರ ಆಗುವುದು, ಬೇರೆಯಾಗುವುದು. ಬಸ್ಸಿನಿಂದ ಇಳಿಯುವುದು ‘ಗೆಟ್ ಆಫ್’. ಪಾರ್ಕಿನ ಬೋರ್ಡಿನಲ್ಲಿ ‘ಕೀಪ್ ಆಫ್ ದ ಗ್ರಾಸ್’ ಅಂದರೆ ಹುಲ್ಲಿನಿಂದ ದೂರ ಇರಿ. ವಿಮಾನ ನೆಲ ಬಿಟ್ಟರೆ ‘ಟೇಕ್ ಆಫ್’. ಇನ್ನೊಂದು ಸ್ವಾರಸ್ಯ ಇದೆ. ‘ರಾಜನ ಮಗ’ ಅನ್ನಲು ‘ಸನ್ ಆವ್ ದ ಕಿಂಗ್’ ಅನ್ನುವಾಗ ಬರುವ ‘ಆವ್’ ಮತ್ತು ಈ ‘ಆಫ್’ ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದ. ಒತ್ತಿ ಹೇಳಿದಾಗ ಒಂದು ರೂಪ, ಹಗುರವಾಗಿ ಹೇಳಿದಾಗ ಇನ್ನೊಂದು. ಆಮೇಲೆ ದಾಯಾದಿಗಳ ಹಾಗೆ ಬೇರೆಯಾದವು. ಒಂದಕ್ಕೆ ಒಂದು ಎಫ್, ಇನ್ನೊಂದಕ್ಕೆ ಎರಡು. ಸ್ವಿಚ್ಚಿನ ಮೇಲಿನ ಆಫ್ ಹುಟ್ಟಿದ್ದು ಎಷ್ಟೋ ಕಾಲದ ಮೇಲೆ.

‘ಪುಟ್’ ಅಂದರೆ ಇಡು, ಹಾಕು. ಎರಡನ್ನೂ ಸೇರಿಸಿದರೆ ‘ದೂರ ಇಡು, ಆಚೆಗೆ ತಳ್ಳು’. ಹಿಂದಿನ ಕಾಲದಲ್ಲಿ ಇದನ್ನು ಕಣ್ಣಿಗೆ ಕಾಣುವ ವಸ್ತುಗಳಿಗೂ ಬಳಸುತ್ತಿದ್ದರು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್‌ನಲ್ಲಿ ಚಪ್ಪಲಿ ಕಳಚಿಡು ಎಂದು ದೇವರು ಮೋಶೆಗೆ ಹೇಳುವ ಕಡೆ ‘ಪುಟ್ ಆಫ್’ ಅಂತಲೇ ಇದೆ. ಇವತ್ತು ಚಪ್ಪಲಿಗೆ ಯಾರೂ ಹಾಗೆ ಹೇಳುವುದಿಲ್ಲ, ‘ಟೇಕ್ ಆಫ್’ ಅನ್ನುತ್ತಾರೆ. ಚಪ್ಪಲಿ ಹೋಯಿತು, ಆಚೆಗೆ ತಳ್ಳುವ ಚಿತ್ರ ಮಾತ್ರ ಉಳಿಯಿತು. ಈಗ ತಳ್ಳುವುದು ಕಣ್ಣಿಗೆ ಕಾಣದ ವಸ್ತುಗಳನ್ನು. ಒಂದು ದಿನವನ್ನು ತಳ್ಳಬಹುದು. ಮನೆ ಬಾಗಿಲಿಗೆ ಬಂದ ಮನುಷ್ಯನನ್ನು ತಳ್ಳಬಹುದು. ಮನಸ್ಸನ್ನು, ಗಮನವನ್ನು ತಳ್ಳಬಹುದು. ನಿಮ್ಮನ್ನು ಕಾಡಿದ ಅರ್ಥಗಳೆಲ್ಲ ಇಲ್ಲಿಂದಲೇ ಕವಲೊಡೆದಿವೆ.

ಇದೇನೂ ಇಂಗ್ಲಿಷಿನವರು ಮಾತ್ರ ಮಾಡುವ ಕಣ್ಕಟ್ಟಲ್ಲ. ನಮ್ಮ ‘ಹಾಕು’ ನೋಡಿ. ಕಣ್ಣು ಹಾಕು, ಬಾಯಿ ಹಾಕು, ಕೈ ಹಾಕು, ಸಾಗಹಾಕು, ಮುಂದಕ್ಕೆ ಹಾಕು. ಕನ್ನಡ ಕಲಿಯುವ ಇಂಗ್ಲಿಷಿನವನು ‘ಅವನು ನನಗೆ ಕೈ ಕೊಟ್ಟ’ ಅಂದರೆ ಶೇಕ್‌ಹ್ಯಾಂಡ್ ಮಾಡಿದ ಅಂದುಕೊಳ್ಳುತ್ತಾನೆ. ಪಾಪ, ಅವನ ಗತಿ ನಿಮಗಿಂತ ಕಷ್ಟ.

ಈಗ ಮೊದಲನೆಯದು, ದಿನವನ್ನು ತಳ್ಳುವುದು. ಬಳಕೆಯಲ್ಲಿ ಇದೇ ಜಾಸ್ತಿ. ‘ವಿ ಹ್ಯಾವ್ ಪುಟ್ ಆಫ್ ದ ವೆಡ್ಡಿಂಗ್ ಟಿಲ್ ಮೇ’ ಅಂದರೆ ಮದುವೆಯನ್ನು ಮೇ ತಿಂಗಳಿಗೆ ಮುಂದಕ್ಕೆ ಹಾಕಿದ್ದೇವೆ. ಮದುವೆ ಇದೆ, ಊಟವೂ ಇದೆ, ತಡವಾಗಿ ಅಷ್ಟೆ. ಮದುವೆಯೇ ಮುರಿದುಬಿದ್ದಿದ್ದರೆ ‘ಕಾಲ್ಡ್ ಆಫ್’ ಅನ್ನಬೇಕು. 2020ನೇ ಇಸವಿ ಈ ಎರಡರ ವ್ಯತ್ಯಾಸವನ್ನು ಲೋಕಕ್ಕೆಲ್ಲ ಕಲಿಸಿತು. ಟೋಕಿಯೋ ಒಲಿಂಪಿಕ್ಸ್ ‘ಪುಟ್ ಆಫ್’ ಆಯಿತು. 2021ರ ಜುಲೈನಲ್ಲಿ ನಡೆಯಿತು, ಹೆಸರು ಮಾತ್ರ 2020 ಅಂತಲೇ ಉಳಿಯಿತು. ಅದೇ ವರ್ಷ ವಿಂಬಲ್ಡನ್ ‘ಕಾಲ್ಡ್ ಆಫ್’ ಆಯಿತು. ಆ ವರ್ಷ ಆಟವೇ ಇಲ್ಲ. ನಮ್ಮಲ್ಲಿ ಮಾರ್ಚ್ 23ಕ್ಕೆ ಇದ್ದ ಎರಡನೇ ಪಿಯುಸಿಯ ಒಂದು ಪೇಪರ್ ಜೂನ್ 18ಕ್ಕೆ ಹೋಯಿತಲ್ಲ, ಅದೂ ‘ಪುಟ್ ಆಫ್’. ಯಾವ ಪೇಪರ್ ಅಂತ ನೆನಪಿದೆಯಾ? ಇಂಗ್ಲಿಷ್!

‘ಪೋಸ್ಟ್‌ಪೋನ್’ ಅಂದರೂ ಇದೇ ತಾನೇ ಅಂತ ಕೇಳಬಹುದು. ಹೌದು, ಅರ್ಥ ಅದೇ. ಅದು ಲ್ಯಾಟಿನ್‌ನಿಂದ ಬಂದದ್ದು. ‘ಪೋಸ್ಟ್’ ಅಂದರೆ ಆಮೇಲೆ, ‘ಪೊನೆರೆ’ ಅಂದರೆ ಇಡು. ಒಳಗಿನ ಚಿತ್ರವೂ ಒಂದೇ ಅನ್ನಿ. ಆದರೆ ‘ಪೋಸ್ಟ್‌ಪೋನ್’ ಇಸ್ತ್ರಿ ಮಾಡಿದ ಶರ್ಟು, ‘ಪುಟ್ ಆಫ್’ ಮನೆಯ ಪಂಚೆ. ನೋಟಿಸು, ಸುತ್ತೋಲೆ, ಪತ್ರಿಕಾ ಪ್ರಕಟಣೆಯಲ್ಲಿ ಮೊದಲನೆಯದು ಚಂದ. ಮಾತಿನಲ್ಲಿ ಎರಡನೆಯದು. ಇನ್ನೊಂದು ಸೂಕ್ಷ್ಮವೂ ಇದೆ. ‘ಪುಟ್ ಆಫ್’ನಲ್ಲಿ ಸೋಮಾರಿತನದ, ಅಳುಕಿನ ವಾಸನೆ ಇರಬಹುದು. ‘ಐ ಕೀಪ್ ಪುಟಿಂಗ್ ಆಫ್ ದ ಡೆಂಟಿಸ್ಟ್’ ಅಂದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಇವತ್ತು ನಾಳೆ ಅಂತ ತಳ್ಳುತ್ತಲೇ ಇದ್ದೇನೆ. ಅಲ್ಲಿ ‘ಪೋಸ್ಟ್‌ಪೋನ್’ ಹಾಕಿದರೆ ಆ ಅಳುಕು ಹೋಗಿ, ಅಪಾಯಿಂಟ್‌ಮೆಂಟ್ ಬದಲಾಯಿಸಿದ ಹಾಗೆ ಮಾತ್ರ ಕೇಳಿಸುತ್ತದೆ.

ಒಂದು ಎಚ್ಚರಿಕೆ. ತಡವಾದದ್ದೆಲ್ಲ ‘ಪುಟ್ ಆಫ್’ ಅಲ್ಲ. ರೈಲು ಎರಡು ಗಂಟೆ ತಡವಾಗಿ ಬಂದರೆ ಅದು ‘ಡಿಲೇಡ್’. ‘ಪುಟ್ ಆಫ್’ ಅನ್ನಬೇಕಾದರೆ ಯಾರೋ ಒಬ್ಬರು ಕೂತು, ಇವತ್ತು ಬೇಡ ಅಂತ ತೀರ್ಮಾನ ಮಾಡಿರಬೇಕು. ಅದೂ ಕೆಲಸ ಶುರುವಾಗುವ ಮೊದಲೇ. ನಡೆಯುತ್ತಿರುವ ಅಧಿವೇಶನವನ್ನು ಗಲಾಟೆಯಾಗಿ ನಿಲ್ಲಿಸಿ ನಾಳೆಗೆ ಹಾಕಿದರೆ ನಮ್ಮ ಪೇಪರಿನವರು ‘ಸದನ ಮುಂದೂಡಿಕೆ’ ಅಂತ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಅಡ್ಜರ್ನ್ಡ್’. ನಮ್ಮ ‘ಮುಂದೂಡು’ ಎರಡೂ ಕಡೆ ದುಡಿಯುತ್ತದೆ, ‘ಪುಟ್ ಆಫ್’ ದುಡಿಯುವುದಿಲ್ಲ.

ವಾಕ್ಯದಲ್ಲಿ ಕೂರಿಸುವುದು ಹೇಗೆ? ಇಲ್ಲಿ ನಿಮ್ಮ ಕನ್ನಡವೇ ಸಹಾಯಕ್ಕೆ ಬರುತ್ತದೆ. ಬಹಳ ಜನ ‘ಐ ಪುಟ್ ಆಫ್ ಟು ಗೋ’ ಅನ್ನುತ್ತಾರೆ. ಅದು ತಪ್ಪು. ಕನ್ನಡದಲ್ಲಿ ಹೇಗೆ ಹೇಳುತ್ತೀರಿ? ‘ಹೋಗುವುದನ್ನು ಮುಂದಕ್ಕೆ ಹಾಕಿದೆ’. ‘ಹೋಗಲು ಮುಂದಕ್ಕೆ ಹಾಕಿದೆ’ ಅನ್ನುವುದಿಲ್ಲ, ಅಲ್ವಾ? ಆ ‘ಹೋಗುವುದು’ ಇಂಗ್ಲಿಷಿನಲ್ಲಿ ‘ಗೋಯಿಂಗ್’. ಹಾಗಾಗಿ ‘ಐ ಪುಟ್ ಆಫ್ ಗೋಯಿಂಗ್’. ‘ಶಿ ಪುಟ್ ಆಫ್ ಟೆಲಿಂಗ್ ಹರ್ ಮದರ್’, ಅಮ್ಮನಿಗೆ ಹೇಳುವುದನ್ನು ಅವಳು ತಳ್ಳುತ್ತಾ ಬಂದಳು.

‘ಇಟ್’, ‘ದೆಮ್’, ‘ಹಿಮ್’ನಂಥ ಚಿಕ್ಕ ಪದ ಬಂದರೆ ಅದು ನಡುವೆಯೇ ಕೂರಬೇಕು. ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಹೆಸರು ಬಂದರೆ ಎರಡೂ ಸರಿ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’. ಆದರೆ ನಡುವೆ ಉದ್ದದ ಮೆರವಣಿಗೆ ತೂರಿಸಬೇಡಿ. ‘ಮುಂದಿನ ವಾರ ಮ್ಯಾನೇಜರ್ ಜೊತೆ ಇದ್ದ ಮೀಟಿಂಗ್’ ಅಷ್ಟನ್ನೂ ‘ಪುಟ್’ ಮತ್ತು ‘ಆಫ್’ ನಡುವೆ ತುಂಬಿದರೆ, ಕೊನೆಯ ‘ಆಫ್’ ಬರುವಷ್ಟರಲ್ಲಿ ಕೇಳುವವರು ‘ಪುಟ್’ ಮರೆತಿರುತ್ತಾರೆ.

ಯಾವ ದಿನಕ್ಕೆ ಅನ್ನಲು ‘ಟಿಲ್’ ಅಥವಾ ‘ಅಂಟಿಲ್’. ಎಷ್ಟು ದಿನ ಅನ್ನಲು ‘ಫಾರ್’ ಅಥವಾ ‘ಬೈ’. ‘ಪುಟ್ ಆಫ್ ಟಿಲ್ ಫ್ರೈಡೇ’, ‘ಪುಟ್ ಆಫ್ ಫಾರ್ ಎ ವೀಕ್’. ನಿನ್ನೆಯ ಮಾತಿಗೂ ‘ಪುಟ್’, ಇವತ್ತಿನ ಮಾತಿಗೂ ‘ಪುಟ್’. ‘ಪುಟ್ಟೆಡ್’ ಅಂತ ಇಲ್ಲ. ಗಾಲ್ಫ್‌ನಲ್ಲಿ ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳುವುದಕ್ಕೆ ‘ಪಟ್’ ಅನ್ನುತ್ತಾರೆ. ಅದು ಬೇರೆ, ಅದಕ್ಕೆ ‘ಪಟ್ಟೆಡ್’ ಉಂಟು.

ಕಿವಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಾತಾಡುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ, ‘ಪುಟ್’ ಮೇಲಲ್ಲ. ಅಮೆರಿಕದವರು ‘ಪುಟ್ ಇಟ್ ಆಫ್’ ಅನ್ನುವುದನ್ನು ಬೇಗ ಹೇಳಿದರೆ ‘ಪುಡಿಡಾಫ್’ ಅಂತ ಕೇಳಿಸುತ್ತದೆ. ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗ ಅದನ್ನು ‘ಪುಡಿ’ ಅಂತ ಕೇಳಿಸಿಕೊಂಡು, ಯಾವ ಪುಡಿ ಸಾರ್ ಅಂತ ನನ್ನನ್ನೇ ಕೇಳಿದ್ದ.

ಎರಡನೆಯದು, ಮನುಷ್ಯನನ್ನು ತಳ್ಳುವುದು. ‘ಐ ಆಸ್ಕ್ಡ್ ಫಾರ್ ಮೈ ಡೆಪಾಸಿಟ್, ಬಟ್ ಹಿ ಕೀಪ್ಸ್ ಪುಟಿಂಗ್ ಮಿ ಆಫ್’. ಅಡ್ವಾನ್ಸ್ ವಾಪಸ್ ಕೇಳಿದರೆ ಓನರ್ ಇವತ್ತು ನಾಳೆ ಅಂತ ಸಾಗಹಾಕುತ್ತಿದ್ದಾನೆ. ಇಲ್ಲಿ ಮುಂದಕ್ಕೆ ಹೋಗುತ್ತಿರುವುದು ಬರೀ ತಾರೀಖಲ್ಲ, ಕೇಳಲು ಬಂದ ನೀವು. ‘ಸಾಗಹಾಕು’ ಇದಕ್ಕೆ ಹೇಳಿ ಮಾಡಿಸಿದ ಪದ.

ಈ ಅರ್ಥವನ್ನು ವಿವರಿಸಲು ನಾನು ಬೋರ್ಡಿನ ಮೇಲೆ ಎರಡು ಪದ ಬರೆಯುತ್ತೇನೆ: ನಾಳೆ ಬಾ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಎಷ್ಟೋ ಊರುಗಳಲ್ಲೂ ಬಾಗಿಲಿನ ಮೇಲೆ, ಗೋಡೆಯ ಮೇಲೆ ಈ ಮಾತು ಕಾಣುತ್ತಿತ್ತು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅನ್ನುವ ಪುಕಾರು ಹಬ್ಬಿತ್ತು. ದೆವ್ವ ಬಂದು ‘ನಾಳೆ ಬಾ’ ಓದಿ ವಾಪಸ್ ಹೋಗುತ್ತದೆ. ಮಾರನೇ ದಿನ ಬಂದರೂ ಅಲ್ಲಿ ಇರುವುದು ಅದೇ ‘ನಾಳೆ ಬಾ’. ದೆವ್ವವನ್ನು ಓಡಿಸಿಲ್ಲ, ಬರಲೇಬೇಡ ಅಂದಿಲ್ಲ, ಜಗಳ ಆಡಿಲ್ಲ. ಸುಮ್ನೆ ‘ಪುಟ್ ಆಫ್’ ಮಾಡಿದರು. ಈ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಂಗ್ಲೆಂಡಿನಲ್ಲೂ ಸಿಗಲಾರದು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಮೂರನೆಯದು ನಿಮ್ಮ ಆ ಮೇಲ್. ‘ಐ ವಾಸ್ ಎ ಬಿಟ್ ಪುಟ್ ಆಫ್ ಬೈ ದಟ್ ಮೇಲ್’. ಇಲ್ಲಿ ಆಚೆಗೆ ಹೋದದ್ದು ಮನಸ್ಸು. ಆ ಮೇಲ್ ಓದಿ ಅವರಿಗೆ ಸ್ವಲ್ಪ ಮುಜುಗರ ಆಯಿತು, ಮನಸ್ಸು ಹಿಂಜರಿಯಿತು. ಕೋಪ ಅಂತ ತಿಳಿಯಬೇಡಿ. ಕೋಪ ಬಂದಿದ್ದರೆ ಬೇರೆ ಮಾತು ಬರುತ್ತಿತ್ತು. ಆದರೆ ‘ಎ ಬಿಟ್’ ಅಂದರಲ್ಲ, ಅದನ್ನು ಅಷ್ಟು ಹಗುರವಾಗಿಯೂ ತೆಗೆದುಕೊಳ್ಳಬೇಡಿ. ಇಂಗ್ಲಿಷರ ‘ಎ ಬಿಟ್’ ನಮ್ಮ ‘ಏನೋ ಒಂಥರಾ ಅನಿಸ್ತು’ ಇದ್ದ ಹಾಗೆ. ಎಷ್ಟು ಒಂಥರಾ ಅನ್ನುವುದನ್ನು ನೀವೇ ಊಹಿಸಬೇಕು. ಮೇಲ್ ನೀವೇ ಬರೆದದ್ದಾದರೆ ಒಂದು ಮಾತು ಆಡಿ ಸರಿ ಮಾಡಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಒಂದೇ ಕನ್ನಡ ಪದ ಹುಡುಕಬೇಡಿ. ಸಂದರ್ಭ ನೋಡಿ ಬದಲಾಗುತ್ತದೆ. ‘ದ ಸ್ಮೆಲ್ ಪುಟ್ ಮಿ ಆಫ್’, ಆ ವಾಸನೆಗೆ ಊಟವೇ ಬೇಡ ಅನಿಸಿತು. ‘ಡೋಂಟ್ ಬಿ ಪುಟ್ ಆಫ್ ಬೈ ದ ಪ್ರೈಸ್’, ರೇಟ್ ನೋಡಿ ಹಿಂದೆ ಸರಿಯಬೇಡಿ. ಅಂಗಡಿಯವರ ಬಾಯಲ್ಲಿ ಇದು ಬಹಳ ಬರುತ್ತದೆ. ‘ವನ್ ಟೀಚರ್ ಪುಟ್ ಮಿ ಆಫ್ ಮ್ಯಾಥ್ಸ್ ಫಾರ್ ಲೈಫ್’, ಒಬ್ಬ ಮೇಷ್ಟ್ರಿಂದಾಗಿ ಲೆಕ್ಕ ಅಂದರೆ ಜನ್ಮಕ್ಕೆ ಸಾಕಾಯಿತು. ಈ ಕೊನೆಯ ವಾಕ್ಯದ ರಚನೆ ಗಮನಿಸಿ. ಮೊದಲು ಯಾರ ಮನಸ್ಸು ಅನ್ನುವುದು, ಆಮೇಲೆ ‘ಆಫ್’, ಆಮೇಲೆ ಯಾವುದರಿಂದ ದೂರ ಅನ್ನುವುದು. ‘ಹಲ್ಲಿ ನೋಡಿ ಊಟ ಸೇರಲಿಲ್ಲ’ ಅನ್ನಬೇಕಾದರೂ ಇದೇ ಅಚ್ಚು: ‘ದ ಲಿಝರ್ಡ್ ಪುಟ್ ಮಿ ಆಫ್ ಮೈ ಫುಡ್’. ಇದರಿಂದಲೇ ‘ಆಫ್-ಪುಟಿಂಗ್’ ಅನ್ನೋ ವಿಶೇಷಣವೂ ಹುಟ್ಟಿದೆ. ಒಬ್ಬರ ಗತ್ತು, ಒಂದು ಹೋಟೆಲಿನ ಕೊಳೆ ಮೇಜು, ಇಪ್ಪತ್ತು ಪುಟದ ಅರ್ಜಿ, ಎಲ್ಲವೂ ‘ಆಫ್-ಪುಟಿಂಗ್’ ಆಗಬಹುದು. ನಮ್ಮಲ್ಲಿ ‘ಮೂಡ್ ಆಫ್ ಆಯ್ತು’ ಅನ್ನುತ್ತಾರಲ್ಲ, ಅದನ್ನು ಲಂಡನ್ನಿನವರ ಹತ್ತಿರ ಹೇಳಬೇಡಿ. ಅದು ನಾವು ಮಾಡಿಕೊಂಡ ಮಾತು, ಅವರಿಗೆ ತಿಳಿಯುವುದು ಕಷ್ಟ.

ನಾಲ್ಕನೆಯದು ಗಮನ. ಇದು ಬ್ರಿಟನ್ನಿನ ಮಾತಿನಲ್ಲಿ ಜಾಸ್ತಿ. ಕ್ರಿಕೆಟ್ ನೋಡುವವರಿಗೆ ಬೇಗ ಅರ್ಥವಾಗುತ್ತದೆ. ಬೌಲರ್ ಓಡಿ ಬರುತ್ತಿದ್ದಾನೆ. ಸೈಟ್ ಸ್ಕ್ರೀನ್ ಹತ್ತಿರ ಯಾರೋ ಎದ್ದು ನಡೆದರು. ಬ್ಯಾಟ್ಸ್‌ಮನ್ ಕೈ ಎತ್ತಿ ಪಕ್ಕಕ್ಕೆ ಸರಿದ. ‘ಹಿ ವಾಸ್ ಪುಟ್ ಆಫ್ ಬೈ ದ ಮೂವ್‌ಮೆಂಟ್’. ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂತು ಮಾತಾಡುವವರಿಗೆ ‘ಸ್ಟಾಪ್ ಇಟ್, ಯು ಆರ್ ಪುಟಿಂಗ್ ಮಿ ಆಫ್’ ಅನ್ನಬಹುದು. ಲೆಕ್ಕ ತಪ್ಪಿಸಬೇಡ ಮಾರಾಯ ಅಂತ. ಹಾಗಾದರೆ ‘ಯು ಆರ್ ಪುಟಿಂಗ್ ಮಿ ಆಫ್’ ಅಂದರೆ ಸಾಗಹಾಕುತ್ತಿದ್ದೀಯ ಅಂತಲೋ, ಮನಸ್ಸು ಕೆಡಿಸುತ್ತಿದ್ದೀಯ ಅಂತಲೋ, ಗಮನ ತಪ್ಪಿಸುತ್ತಿದ್ದೀಯ ಅಂತಲೋ? ಮೂರೂ ಆಗಬಹುದು. ಕೈಯಲ್ಲಿ ಸಾಲದ ಚೀಟಿ ಇದ್ದರೆ ಮೊದಲನೆಯದು, ಪೆನ್ನು ಇದ್ದರೆ ಮೂರನೆಯದು ಅಂತ ತಿಳಿಯಿರಿ.

ಇನ್ನು ಲೈಟ್. ನಕ್ಕವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ‘ಪುಟ್ ಆಫ್ ದ ಲೈಟ್ಸ್’ ತಪ್ಪಲ್ಲ. ಬ್ರಿಟನ್ನಿನಲ್ಲೂ ಹಾಗೆ ಹೇಳುವವರಿದ್ದಾರೆ. ಆದರೆ ಈಗ ಹೆಚ್ಚಿನವರ ಬಾಯಲ್ಲಿ ಬರುವುದು ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’. ಕೇಳುವವರಿಗೆ ‘ಪುಟ್ ಆಫ್’ ಅಂದ ತಕ್ಷಣ ಮುಂದೂಡುವುದು ನೆನಪಾಗಿ, ಲೈಟನ್ನು ಶುಕ್ರವಾರಕ್ಕೆ ಮುಂದೂಡಿ ಅಂದ ಹಾಗೆ ಅನಿಸಿರಬೇಕು. ನಗು ಬಂದದ್ದು ಅದಕ್ಕೇ ಇದ್ದೀತು. ನಮ್ಮಲ್ಲಿ ಕೆಲವರು ‘ಆಫ್ ದ ಫ್ಯಾನ್’ ಅಂತಲೂ ಅನ್ನುತ್ತಾರೆ. ಅದು ‘ಫ್ಯಾನ್ ಆಫ್ ಮಾಡು’ ಅನ್ನೋ ಕನ್ನಡದಿಂದ ‘ಮಾಡು’ ಮಾತ್ರ ತೆಗೆದದ್ದು. ಅದನ್ನು ಬಿಡಿ. ದೀಪ, ಮೇಣದಬತ್ತಿ, ಬೆಂಕಿ, ಸಿಗರೇಟು ಆರಿಸುವುದಕ್ಕೆ ‘ಪುಟ್ ಔಟ್’. ಬೆಂಕಿಯನ್ನು ‘ಪುಟ್ ಆಫ್’ ಮಾಡಿ ಅಂತ ಕೂಗಿದರೆ ಅಗ್ನಿಶಾಮಕದವರು ನಾಳೆ ಬಂದಾರು.

ಇನ್ನು ‘ಪ್ರಿಪೋನ್’. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಮಗೆ ನಿಜವಾದ ಗುಂಡಿ ಇರುವುದು ಇಲ್ಲೇ.

ಪದದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ‘ಪೋಸ್ಟ್’ ಆಮೇಲೆ ಆದರೆ ‘ಪ್ರಿ’ ಮೊದಲು. ಲೆಕ್ಕ ಸರಿಯಾಗಿದೆ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಸಿಕ್ಕಿದೆ. ಬೆಂಗಳೂರು, ಪುಣೆ, ಹೈದರಾಬಾದ್ ನಡುವೆ ಧಾರಾಳವಾಗಿ ಬಳಸಿ. ಆದರೆ ಲಂಡನ್ನಿನಲ್ಲಿ ಇದನ್ನು ಕೇಳಿರದವರು ಬಹಳ ಇದ್ದಾರೆ. ಅವರು ಹೇಳುವುದು ‘ಬ್ರಿಂಗ್ ಫಾರ್ವರ್ಡ್’. ‘ಕ್ಯಾನ್ ವಿ ಬ್ರಿಂಗ್ ದ ಮೀಟಿಂಗ್ ಫಾರ್ವರ್ಡ್ ಟು ಮಂಡೇ?’ ಅಂದರೆ ಮೀಟಿಂಗನ್ನು ಸೋಮವಾರವೇ ಇಟ್ಟುಕೊಳ್ಳೋಣವೇ? ಅಮೆರಿಕದವರಾದರೆ ‘ಮೂವ್ ಅಪ್’.

ಗುಂಡಿ ಕಂಡಿತಾ? ‘ಫಾರ್ವರ್ಡ್’ ಅಂದರೆ ನಮಗೆ ಮುಂದಕ್ಕೆ. ಕನ್ನಡದಲ್ಲಿ ‘ಮುಂದಕ್ಕೆ ಹಾಕು’ ಅಂದರೆ ತಡ ಮಾಡು. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಮಾಡು. ಪೂರಾ ಉಲ್ಟಾ. ಹಾಗೆಯೇ ‘ಪುಟ್ ಬ್ಯಾಕ್’, ‘ಪುಶ್ ಬ್ಯಾಕ್’ ಅಂದರೆ ನಮಗೆ ಹಿಂದಕ್ಕೆ, ಬೇಗ ಅನಿಸುತ್ತದೆ. ಅವರಿಗೆ ಅದು ತಡ. ನಾನೇ ಒಮ್ಮೆ ಇದರಲ್ಲಿ ಬಿದ್ದಿದ್ದೇನೆ. ಒಂದು ಸಂದರ್ಶನವನ್ನು ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಮಾಡಿದ್ದೇವೆ ಅಂತ ಕಾಗದ ಬಂದಿತ್ತು. ಎರಡು ದಿನ ಹೆಚ್ಚಿಗೆ ಸಿಕ್ಕಿತು ಅಂತ ಖುಷಿಯಾಗಿ ಊರಿಗೆ ಹೋಗಿ ಹಬ್ಬ ಮುಗಿಸಿಕೊಂಡು, ಹೊಸ ಶರ್ಟ್ ಹಾಕಿಕೊಂಡು ಹೋದೆ. ಬಾಗಿಲಲ್ಲಿದ್ದವರು ರಿಜಿಸ್ಟರ್ ನೋಡಿ, ನಿಮ್ಮದು ಹೋದ ವಾರವೇ ಮುಗಿಯಿತಲ್ಲ ಅಂದರು. ಆಮೇಲೆ ಆ ಎರಡು ಪದ ನನಗೆ ಜನ್ಮದಲ್ಲಿ ಮರೆತಿಲ್ಲ.

ಸಮಾಧಾನದ ವಿಷಯ ಅಂದರೆ ಇಂಗ್ಲಿಷ್ ತಾಯಿನುಡಿಯವರೂ ಇಲ್ಲಿ ತಬ್ಬಿಬ್ಬಾಗುತ್ತಾರೆ. ‘ಬ್ರಿಂಗ್’ ಇದ್ದರೆ ಅವರಿಗೆ ಅನುಮಾನ ಇಲ್ಲ. ‘ಮೂವ್’ ಬಂದರೆ ಇದೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್ಸ್ಕಾರ್ ಎಂಬ ಸಂಶೋಧಕರು 2002ರಲ್ಲಿ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿದರು. ಬುಧವಾರದ ಮೀಟಿಂಗನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಿದ್ದಾರೆ, ಈಗ ಮೀಟಿಂಗ್ ಯಾವ ದಿನ ಅಂತ ಜನರನ್ನು ಕೇಳಿದರು. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ವಿಮಾನ ನಿಲ್ದಾಣದಲ್ಲೂ ಇದೇ ಪ್ರಶ್ನೆ ಕೇಳಿದರು. ಆಗ ತಾನೇ ವಿಮಾನದಿಂದ ಇಳಿದವರು, ಕರೆದುಕೊಂಡು ಹೋಗಲು ಬಂದು ಕಾಯುತ್ತಿದ್ದವರಿಗಿಂತ ಹೆಚ್ಚಾಗಿ ಶುಕ್ರವಾರ ಅಂದರು. ತಾನು ಕಾಲದೊಳಗೆ ಮುಂದೆ ಸಾಗುತ್ತಿದ್ದೇನೆ ಅಂದುಕೊಂಡವನಿಗೆ ‘ಮುಂದೆ’ ಅಂದರೆ ಶುಕ್ರವಾರ. ತಾನು ಕೂತಿದ್ದೇನೆ, ದಿನಗಳೇ ನನ್ನ ಕಡೆಗೆ ಬರುತ್ತಿವೆ ಅಂದುಕೊಂಡವನಿಗೆ ಸೋಮವಾರ.

ನಮ್ಮ ಕನ್ನಡವೂ ಈ ವಿಷಯದಲ್ಲಿ ಅಷ್ಟೇನೂ ಸಾಚಾ ಅಲ್ಲ. ‘ಮುಂದೆ’ ಅಂದರೆ ಆಮೇಲೆ. ಆದರೆ ಅದರ ಪಕ್ಕದಲ್ಲೇ ಇರುವ ‘ಮುಂಚೆ’, ‘ಮುನ್ನ’ ಅಂದರೆ ಮೊದಲು. ಹಬ್ಬದ ಹಿಂದಿನ ದಿನ ಅಂದರೂ, ಹಬ್ಬದ ಮುನ್ನಾ ದಿನ ಅಂದರೂ ಒಂದೇ ದಿನ! ಒಂದು ಹಿಂದೆ, ಒಂದು ಮುನ್ನ. ನಮಗೆ ಅಭ್ಯಾಸವಾಗಿದೆ, ಅದಕ್ಕೆ ಗೊಂದಲ ಆಗುವುದಿಲ್ಲ ಅಷ್ಟೆ. ಹಾಗಾಗಿ ‘ಬ್ರಿಂಗ್ ಫಾರ್ವರ್ಡ್’ ಕೇಳಿದಾಗ ‘ಮುಂದೆ’ ನೆನೆಸಬೇಡಿ, ‘ಮುಂಚೆ’ ನೆನೆಸಿ. ಮುಂಚೆಗೆ ತಂದರು, ಮುಗಿಯಿತು.

‘ಪುಟ್ ಆಫ್’ ನನಗೆ ಇಷ್ಟವಾಗುವುದು ಇದಕ್ಕೇ. ಅದರಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಬರೀ ಆಚೆಗೆ. ನನ್ನಿಂದ ದೂರಕ್ಕೆ. ಮೀಟಿಂಗ್ ವಿಷಯದಲ್ಲಿ ಅದನ್ನು ತಡ ಅಂತಲ್ಲದೆ ಬೇರೆ ಥರ ಯಾರೂ ಓದಲಾರರು. ದಿಕ್ಕಿನ ಅನುಮಾನ ಬಂದಾಗಲೆಲ್ಲ ನಾನು ಇದನ್ನೇ ಬಳಸುತ್ತೇನೆ. ಜೊತೆಗೆ ಹೊಸ ತಾರೀಖನ್ನೂ ಬರೆದುಬಿಡುತ್ತೇನೆ. ‘ಪುಟ್ ಆಫ್ ಫ್ರಮ್ ವೆಡ್ನೆಸ್‌ಡೇ ಟು ಫ್ರೈಡೇ’ ಅಂತ ಬರೆದ ಮೇಲೆ ಯಾರಿಗೂ ಏನನ್ನೂ ಊಹಿಸುವ ಕೆಲಸ ಇರುವುದಿಲ್ಲ.

ಲಂಡನ್ ಜೊತೆ ಕೆಲಸ ಮಾಡುವ ನಿಮಗೆ ಇದನ್ನು ನೆನಪಿಡಲು ಒಂದು ಸುಲಭದ ಉಪಾಯವೂ ಇದೆ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ‘ಫಾರ್ವರ್ಡ್’ ಮಾಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ‘ಬ್ಯಾಕ್’ ಮಾಡುತ್ತಾರೆ. ಅವರ ಬೆಳಗಿನ ಹತ್ತು ಗಂಟೆಯ ಮೀಟಿಂಗ್ ಚಳಿಗಾಲದಲ್ಲಿ ನಿಮಗೆ ಮಧ್ಯಾಹ್ನ ಮೂರೂವರೆಗೆ ಬೀಳುತ್ತದೆ. ಮಾರ್ಚಿನಲ್ಲಿ ಅವರು ‘ಫಾರ್ವರ್ಡ್’ ಮಾಡಿದ ಮೇಲೆ ಅದೇ ಮೀಟಿಂಗ್ ಎರಡೂವರೆಗೆ ಬಂದು, ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಶುರುವಾಗುತ್ತದೆ. ಫಾರ್ವರ್ಡ್ ಅಂದರೆ ಬೇಗ. ಅಕ್ಟೋಬರಿನಲ್ಲಿ ‘ಬ್ಯಾಕ್’ ಮಾಡಿದರೆ ಮತ್ತೆ ಮೂರೂವರೆ. ಬ್ಯಾಕ್ ಅಂದರೆ ತಡ. ನಿಮ್ಮ ಕ್ಯಾಲೆಂಡರನ್ನು ಒಮ್ಮೆ ತೆಗೆದು ನೋಡಿ, ಅಲ್ಲೇ ಇರುತ್ತದೆ.

ಆ ಡೆಮೊ ಮೇಲ್ ಇನ್ನೂ ಹಾಕಿಲ್ಲವಾದರೆ ಹೀಗೆ ಬರೆಯಿರಿ: ‘ಐ ಅಂಡರ್‌ಸ್ಟ್ಯಾಂಡ್ ದ ಡೆಮೊ ಹ್ಯಾಸ್ ಬೀನ್ ಪುಟ್ ಆಫ್. ಕುಡ್ ಯು ಟೆಲ್ ಮಿ ದ ನ್ಯೂ ಡೇಟ್?’ ರದ್ದಾಯಿತು ಅಂದುಕೊಂಡಿದ್ದ ಕತೆಯನ್ನು ಅದರಲ್ಲಿ ಬರೆಯುವ ಅಗತ್ಯ ಇಲ್ಲ.